ದಾರದ ಹಾಜರಿ

ಬೋರ್ಡಿನ ಮೇಲೆ ಹೆಸರು ಶಿವಪುತ್ರಪ್ಪನದು, ಕತ್ತರಿ ಹಿಡಿಯುವವಳು ಅವನ ಹೆಂಡತಿ ಕಾಶವ್ವ. ಮುಂಬೈ ಪಕ್ಕದ ಡೊಂಬಿವಲಿ ಪೂರ್ವದ ಚಾಳೊಂದರಲ್ಲಿ, ನೆಲಮಹಡಿಯ ಎರಡು ಖೋಲಿಗಳಲ್ಲಿ, ಹನ್ನೊಂದು ವರ್ಷದಿಂದ ಈ ಏರ್ಪಾಡು ನಡೆದಿತ್ತು. ಹಿಂದಿನ ಖೋಲಿಯಲ್ಲಿ ಒಲೆ, ಹಾಸಿಗೆ, ಸಂಸಾರ. ಮುಂದಿನ ಖೋಲಿಯಲ್ಲಿ ನಾಲ್ಕು ಹೊಲಿಗೆ ಮಶೀನು, ಹದಿನಾಲ್ಕು ಹುಡುಗಿಯರು. ‘ಶಿವಪುತ್ರ ಶಿವಣ ವರ್ಗ, ಸರ್ಕಾರಮಾನ್ಯ’ ಎಂದು ಬೋರ್ಡು ಹೊಲಿಗೆ ತರಗತಿಯ ಹೆಸರನ್ನು ಮರಾಠಿಯಲ್ಲಿ ಹೇಳುತ್ತಿತ್ತು. ಆ ಕೊನೆಯ ಪದಕ್ಕಾಗಿಯೇ ಹುಡುಗಿಯರು ಕಲ್ಯಾಣದಿಂದ, ದೂರದ ಟಿಟ್ವಾಳಾದಿಂದ ಕೂಡ ಲೋಕಲ್ಲಿನಲ್ಲಿ ಜೋತುಬಿದ್ದು ಬರುತ್ತಿದ್ದರು. ಇಲ್ಲಿ ಕಲಿತವರು ಅಕ್ಟೋಬರಿನಲ್ಲಿ ಸರ್ಕಾರಿ ಪರೀಕ್ಷೆಗೆ ಕೂರಬಹುದಿತ್ತು. ಪರೀಕ್ಷೆಯ ಕಾಗದ ಕೈಯಲ್ಲಿದ್ದರೆ ಠಾಣೆ ಪಟ್ಟಣದ ರೆಡಿಮೇಡ್ ಕಾರ್ಖಾನೆಗಳಲ್ಲಿ ಗೇಟಿನ ಒಳಗೆ ಬಿಡುತ್ತಿದ್ದರು.

ಕಾಶವ್ವ ಬಾಗಲಕೋಟೆ ಕಡೆಯವಳು, ಶಾಲೆಯ ಕಟ್ಟೆ ಹತ್ತಿದವಳಲ್ಲ. ತವರಿನ ಬಳೆ ಮಾರಿ ಮೊದಲ ಮಶೀನು ತಂದು, ಚಾಳಿನ ಹೆಂಗಸರ ಕುಪ್ಪಸ ಹೊಲಿಯುತ್ತ ಹೊಲಿಯುತ್ತಲೇ ವಿದ್ಯೆ ಕಲಿತಿದ್ದಳು. ಅದೇ ಮಶೀನಿನ ಸೂಜಿ ಒಮ್ಮೆ ಅವಳ ಎಡಗೈ ಹೆಬ್ಬೆರಳನ್ನು ಸೀಳಿ, ಅಡ್ಡಲಾಗಿ ಒಂದು ಗಾಯದ ಗೆರೆ ಉಳಿದಿತ್ತು. ವರ್ಷಕ್ಕೊಮ್ಮೆ ಗಂಡ ಯಾವುದೋ ಕಾಗದ ಮುಂದೆ ಹಿಡಿದಾಗ ಆ ಹೆಬ್ಬೆರಳನ್ನೇ ಶಾಯಿಗೆ ಒತ್ತಿ ಕಾಗದಕ್ಕೆ ಒತ್ತುತ್ತಿದ್ದಳು. ಗುರುತಿನ ನಡುವೆ ಬಿಳಿಯ ಗೆರೆಯೊಂದು ಮೂಡುತ್ತಿತ್ತು.

ಓದು ಬಾರದ್ದರಿಂದ ಹಾಜರಿಗೆ ಅವಳದೇ ಒಂದು ಕ್ರಮ. ವರ್ಷದ ಮೊದಲ ದಿನ ಪ್ರತಿ ಹುಡುಗಿಯೂ ತನಗೆ ಬೇಕಾದ ಬಣ್ಣದ ದಾರ ಆರಿಸಿಕೊಳ್ಳಬೇಕು. ಹದಿನಾಲ್ಕು ಮೊಳೆಗೆ ಹದಿನಾಲ್ಕು ದಾರ. ಬಂದ ದಿನ ಒಂದು ಗಂಟು. ಬಾರದ ದಿನ ಗಂಟಿನೊಳಗೆ ಬಿಳಿ ದಾರದ ತುಂಡು. ಶನಿವಾರ ವರ್ಗ ಮುಗಿದ ಮೇಲೆ ಒಂದು ಗಾಜಿನ ಮಣಿ. ಹುಡುಗಿಯರು ನಗುತ್ತಿದ್ದರು, ಆದರೆ ಆ ದಾರದ ಮುಂದೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸರ್ಕಾರಿ ಹಾಜರಿ ಪುಸ್ತಕ ಮಾತ್ರ ಶಿವಪುತ್ರಪ್ಪನ ಟ್ರಂಕಿನಲ್ಲಿರುತ್ತಿತ್ತು. ಅವನು ಠಾಣೆಯ ಗಿರಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಟೈಮ್‌ಕೀಪರ್ ಆಗಿದ್ದವನು. ಐದು ನಿಮಿಷ ತಡವಾಗಿ ಬಂದ ಕಾರ್ಮಿಕನ ಅರ್ಧ ದಿನವನ್ನು ಕತ್ತರಿಸಿ ಹಾಕಿದವನು. ಹಾಜರಿಯ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿಯ ಜೂನ್ ತಿಂಗಳ ಒಂದು ಮಧ್ಯಾಹ್ನ ಪೋಸ್ಟಿನವನು ಕಂದು ಲಕೋಟೆ ಕೊಟ್ಟುಹೋದ. ರೈಲು ಮುಷ್ಕರವನ್ನು ಸರ್ಕಾರ ಲಾಠಿಯಿಂದ ಮುರಿದು ಮೂರು ವಾರವಾಗಿತ್ತು. ಕಲ್ಯಾಣದ ರೈಲ್ವೆ ಕ್ವಾರ್ಟರ್ಸುಗಳಲ್ಲಿ ಇನ್ನೂ ಕೆಲವರ ಒಲೆ ಸರಿಯಾಗಿ ಹೊತ್ತಿರಲಿಲ್ಲ. ಮನೆಯವರು ಊಟಕ್ಕೆ ಕುಳಿತಿದ್ದರು. ರೇಷನ್ನಿನ ಕೆಂಪು ಜೋಳದ ರೊಟ್ಟಿ ತಟ್ಟುವಾಗಲೇ ಬಿರುಕು ಬಿಡುತ್ತಿತ್ತು, ತುಂಡುಗಳನ್ನೇ ಕಡಲೆಹಿಟ್ಟಿನ ಝುಣಕಕ್ಕೆ ಅದ್ದಿ ತಿನ್ನುತ್ತಿದ್ದರು. ಶಿವಪುತ್ರಪ್ಪ ಕಾಗದವನ್ನು ಎರಡು ಸಲ ಓದಿದ. ಕನ್ನಡಕ ಒರೆಸಿದ. ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

“ತಪಾಸಣಿಗೆ ಬರ್ತಾರಂತ. ಜುಲೈ ಇಪ್ಪತ್ತೆರಡು, ಸೋಮವಾರ.”

ಹನ್ನೊಂದು ವರ್ಷ ಹೊಸ್ತಿಲು ತುಳಿಯದವರು ಈಗ ಯಾಕೆ ಬರುತ್ತಾರೆಂದು ಕಾಶವ್ವ ಕೇಳಿದಳು. ಅವನು ಒಲೆಯ ಕಡೆ ನೋಡಿದ. ಅಲ್ಲಿ ಸೊಸೆ ಪ್ರಭಾ ರೊಟ್ಟಿ ಬೇಯಿಸುತ್ತ ಕುಳಿತಿದ್ದಳು.

“ಅರ್ಜಿ ಹೋಗೇತಿ,” ಎಂದ, ದನಿ ಇಳಿಸಿ. “ಹೆಸರಿಲ್ಲದ ಅರ್ಜಿ. ಕಲಿಸಾಕಿಗೆ ಅಕ್ಷರ ಬರೂದಿಲ್ಲಂತ ಬರದಾರ. ಇದು ಹೊರಗಿನವರ ಕೆಲಸ ಅಲ್ಲ.”

ಅಷ್ಟು ಸಾಕಾಯಿತು. ಮನೆಯಲ್ಲಿ ಬರೆಯಬಲ್ಲವರು ಮೂವರು. ಗಂಡ ತನ್ನ ಮೇಲೆ ತಾನೇ ಅರ್ಜಿ ಹಾಕಿಕೊಳ್ಳುವವನಲ್ಲ. ಮಗ ಸೋಮಣ್ಣ ಠಾಣೆ–ಬೇಲಾಪುರ ರಸ್ತೆಯ ಬಣ್ಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಉಣ್ಣಲೂ ಬೇಸರಪಡುವವನು. ಉಳಿದವಳು ಸೊಸೆ. ಸೋಲಾಪುರದವಳು, ಮನೆಗೆ ಬಂದು ಎಂಟು ತಿಂಗಳು, ಹೊಲಿಗೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಮಾಡಿದವಳು. ಮದುವೆಯಲ್ಲಿ ಶಿವಪುತ್ರಪ್ಪ ವರದಕ್ಷಿಣೆ ಬೇಡವೆಂದಾಗ ಚಾಳಿನವರು ಹಾಡಿ ಹೊಗಳಿದ್ದರು. ಅವನು ಬೀಗರ ಬಳಿ ಕೇಳಿದ್ದು ಒಂದೇ, ಹುಡುಗಿಯ ಡಿಪ್ಲೊಮಾದ ಅಸಲು ಕಾಗದ. ಅಲ್ಲಿಯವರೆಗೆ ಯಾರದೋ ಬಾಡಿಗೆ ಡಿಪ್ಲೊಮಾದ ಮೇಲೆ ವರ್ಗ ನಡೆದಿತ್ತು. ಈಗ ಮನೆಯದೇ ಡಿಪ್ಲೊಮಾ ಚೌಕಟ್ಟು ಹಾಕಿಸಿಕೊಂಡು ಗೋಡೆಗೆ ಬಂದಿತ್ತು.

ಆ ದಿನದಿಂದ ಕಾಶವ್ವ ಸೊಸೆಯ ಮೇಲೆ ಕಣ್ಣಿಟ್ಟಳು. ಗುರುವಾರಕ್ಕೊಮ್ಮೆ ಪ್ರಭಾ ತವರಿಗೆ ಕಾಗದ ಬರೆಯುವಾಗ ಅಕ್ಕಿ ಆರಿಸುವ ನೆಪದಲ್ಲಿ ಪಕ್ಕದಲ್ಲೇ ಕುಳಿತಳು, ತನಗೆ ಒಂದಕ್ಷರ ತಿಳಿಯುವುದಿಲ್ಲ ಎನ್ನುವುದನ್ನೂ ಮರೆತು. ಟ್ರಂಕಿನ ಕೀಲಿ ಮೊಳೆಯಿಂದ ಅವಳ ಸೊಂಟಕ್ಕೆ ಬಂತು. ಸೊಸೆ ನೀರಿಗೆ ಹೋದಾಗ ಅವಳ ಹಾಸಿಗೆ ಕೊಡವಿ ನೋಡಿದಳು. ಎರಡು ಹೇರ್‌ಪಿನ್ನು, ಒಂದು ಬಸ್ಸಿನ ಚೀಟಿ ಸಿಕ್ಕವು.

ತಪಾಸಣೆಯ ಸಿದ್ಧತೆ ಮನೆಯನ್ನೇ ತಲೆಕೆಳಗು ಮಾಡಿತು. ಮೂವರಿಗೆ ಒಂದು ಮಶೀನಿರಬೇಕೆಂದು ನಿಯಮ. ಒಂದು ಕಡಿಮೆಯಿತ್ತು, ಅದನ್ನು ಎದುರಿನ ಪುಷ್ಪಾವತಿಯ ಮನೆಯಿಂದ ತಂದದ್ದಾಯಿತು. ಬೆಂಕಿ ಬಿದ್ದರೆಂದು ಎರಡು ಬಕೆಟ್ ಮರಳು, ಗಾಯಕ್ಕೆಂದು ಟಿಂಚರು–ಹತ್ತಿಯ ಡಬ್ಬಿ, ಗೋಡೆಗೆ ಅಳತೆಯ ನಕ್ಷೆ. ಪ್ರತಿ ಹುಡುಗಿಗೂ ಇಪ್ಪತ್ತೆರಡು ನಮೂನೆ ಅಂಟಿಸಿದ ಫೈಲು ಬೇಕಿತ್ತು. ಕಾಶವ್ವ ಕಲಿಸುತ್ತಿದ್ದುದು ಹಳೇ ಪೇಪರಿನ ಮೇಲೆ. ಕತ್ತರಿಸಿ ನೋಡಿ, ತಪ್ಪಾದರೆ ಅದರಲ್ಲೇ ಶೇಂಗಾ ಕಟ್ಟುವುದು. ಈಗ ಕಾಜಾ, ಕಿಸೆ, ಕಾಲರು, ಎಲ್ಲವನ್ನೂ ಗೇಣುದ್ದದ ಬಟ್ಟೆಯಲ್ಲಿ ಮಾಡಿ ಅಂಟಿಸಬೇಕಾಯಿತು. ಮನೆಯ ಮೈದಾ ಹಿಟ್ಟೆಲ್ಲ ಅಂಟಿಗೇ ಹೋಯಿತು.

ನಕ್ಷೆ ಬರೆದವಳು ಪ್ರಭಾ. ಎದೆಯ ಸುತ್ತಳತೆಯ ಹನ್ನೆರಡನೆಯ ಒಂದು ಭಾಗ ಕುತ್ತಿಗೆಗೆ ಎಂದು ಅವಳು ಹುಡುಗಿಯರಿಗೆ ಹೇಳುತ್ತಿದ್ದಾಗ ಕಾಶವ್ವ ಕತ್ತರಿ ಕೆಳಗಿಟ್ಟಳು.

“ಕುತ್ತಿಗಿಗೆ ನಾಲ್ಕು ಬಟ್ಟು. ಹನ್ನೊಂದು ವರ್ಷ ಯಾರ ಕುತ್ತಿಗಿನೂ ಬಿಗೀಲಿಲ್ಲ.”

“ಬಟ್ಟು ಎಲ್ಲಾರ್ದೂ ಒಂದೇ ಇರೂದಿಲ್ರೀ ಅತ್ತಿ. ನಿಮ್ಮ ಬಟ್ಟು ದಪ್ಪ.”

“ದಪ್ಪ ಆದದ್ದು ಕುಂತು ಉಂಡಲ್ಲ.”

ಹುಡುಗಿಯರು ತಲೆ ತಗ್ಗಿಸಿ ಪೆಡಲು ತುಳಿದರು. ಮಶೀನುಗಳ ಸದ್ದು ಜೋರಾಯಿತು. ರಾತ್ರಿಯ ಊಟಕ್ಕೆ ಮೊದಲು ಕಾಶವ್ವ ಮಗನ ಎದುರಿಗೆ ಈ ಮಾತು ಎತ್ತಿದಳು. ನಿನ್ನ ಹೆಂಡತಿಗೆ ಈ ವರ್ಗ ಬೇಕಾಗಿದೆ, ನನ್ನನ್ನು ಹೊರಗೆ ಹಾಕಲು ಹೊರಗಿನವರನ್ನು ಕರೆಸುತ್ತಿದ್ದಾಳೆ ಎಂದಳು. ಸೋಮಣ್ಣ ಹೆಂಡತಿಯನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ನನ್ನ ತಲೆ ತಿನ್ನಬೇಡಿರಿ, ನಾಳೆ ಮೊದಲ ಪಾಳಿ ಎಂದು ಗೋಡೆಗೆ ಮುಖ ಮಾಡಿ ಮಲಗಿದ.

ಶಿವಪುತ್ರಪ್ಪ ಈ ಜಗಳದಲ್ಲಿ ಬಾಯಿ ಹಾಕಲಿಲ್ಲ. ಅವನು ಹಾಜರಿ ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದ. ಜನವರಿಯಿಂದ ಖಾಲಿಯಿದ್ದ ಪುಟಗಳನ್ನು ಎರಡು ಮಧ್ಯಾಹ್ನಗಳಲ್ಲಿ ತುಂಬಿಸಿ ಮುಗಿಸಿದ. ಪಕ್ಕದಲ್ಲಿ ಗೋಡೆಯಿಂದ ಇಳಿಸಿದ ಕ್ಯಾಲೆಂಡರು. ಅದರಲ್ಲಿ ಕೆಂಪಾಗಿದ್ದ ದಿನಗಳನ್ನು ಬಿಟ್ಟು ಉಳಿದ ಎಲ್ಲ ದಿನವೂ ಎಲ್ಲ ಹುಡುಗಿಯರೂ ಹಾಜರು. ರೈಲು ಮುಷ್ಕರವನ್ನು ಯಾರೂ ಕ್ಯಾಲೆಂಡರಿನಲ್ಲಿ ಕೆಂಪಾಗಿ ಅಚ್ಚು ಹಾಕಿರಲಿಲ್ಲ. ನಿವೃತ್ತನಾಗಿ ಮನೆಯಲ್ಲಿದ್ದವನಿಗೆ ಅದು ನೆನಪಿಗೂ ಬರಲಿಲ್ಲ.

ಜುಲೈ ಮೊದಲ ವಾರದಲ್ಲಿ, ತಪಾಸಣೆಗೆಂದು ಟ್ರಂಕಿನಿಂದ ಹೊರಗೆ ತೆಗೆದಿಟ್ಟಿದ್ದ ಅವನ ಫೈಲಿನಿಂದ ಎರಡು ಕಾಗದ ಕಾಣೆಯಾದವು. ಟಾಚಣಿ ಚುಚ್ಚಿ ಸೇರಿಸಿಟ್ಟಿದ್ದವು, ತಪಾಸಣೆಯ ನೋಟೀಸು ಮತ್ತು ಜನವರಿಯಲ್ಲಿ ಕಚೇರಿಗೆ ಕೊಟ್ಟ ಸಿಬ್ಬಂದಿ ಪಟ್ಟಿಯ ನಕಲು. ಹೊಸ ಪಟ್ಟಿಯನ್ನು ಅದನ್ನೇ ನೋಡಿ ಬರೆಯಬೇಕಿತ್ತು. ಮನೆ ಜಾಲಾಡಿದರು. ಹಾಸಿಗೆ ಸುತ್ತಿ ನೋಡಿದರು. ಅವನು ಸೊಸೆಯ ಮುಖಕ್ಕೇ ಹೇಳಲಿಲ್ಲ, ಒಲೆಗೆ ಹೇಳಿದ. ಅನ್ನ ಉಂಡ ಮನೆಗೆ ಕನ್ನ ಹಾಕುವವರ ಕೈ ಸೇದಿಹೋಗಲಿ ಎಂದ. ಪ್ರಭಾ ಕೊಡ ತೆಗೆದುಕೊಂಡು ನಲ್ಲಿಗೆ ಹೋದಳು.

ಕಾಶವ್ವನಿಗೆ ಕಾಗದ ಎಲ್ಲಿದೆಯೆಂದು ಗೊತ್ತಿತ್ತು. ಹಿಂದಿನ ದಿನವಷ್ಟೇ, ಶೇಂಗಾಚಟ್ನಿಯ ಡಬ್ಬಿಯನ್ನು ಎತ್ತಿ ಅದರ ಕೆಳಗೆ ಏನನ್ನೋ ಸರಿಸಿ ಮತ್ತೆ ಡಬ್ಬಿ ಇಟ್ಟ ಸೊಸೆಯನ್ನು ಅವಳು ಕಂಡಿದ್ದಳು. ಗಂಡನಿಗೆ ಹೇಳಬಹುದಿತ್ತು. ಆದರೆ ಏನು ಕದ್ದಿದ್ದಾಳೆಂದು ತಿಳಿಯದೆ ಕಳ್ಳತನ ಹಿಡಿಯುವುದು ಅವಳಿಗೆ ಸರಿಯೆನ್ನಿಸಲಿಲ್ಲ. ಕಾಗದವನ್ನು ಸೆರಗಿನೊಳಗೆ ಸೇರಿಸಿಕೊಂಡು, ಮಶೀನಿನ ಎಣ್ಣೆಡಬ್ಬಿ ಕೇಳುವ ನೆಪ ಮಾಡಿ, ಪುಷ್ಪಾವತಿಯ ಮನೆಗೆ ಹೋದಳು.

ಪುಷ್ಪಾವತಿ ಉಡುಪಿ ಕಡೆಯವಳು. ಗಂಡನದು ಸ್ಟೇಷನ್ ಹೊರಗೆ ಚಹಾದ ಹೋಟೆಲು. ಇಲ್ಲಿಯೇ ಶಾಲೆಗೆ ಹೋದವಳಾದ್ದರಿಂದ ಮರಾಠಿ ಓದುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ನೋಟೀಸಿನ ಮೇಲೆ ಕಣ್ಣಾಡಿಸಿದಳು.

“ಯಾರು ಅರ್ಜಿ ಹಾಕ್ಯಾರಂತ ಬರದೈತೇನು?” ಕಾಶವ್ವ ಕೇಳಿದಳು.

“ಅರ್ಜಿ ಗಿರ್ಜಿ ಎಂತದೂ ಇಲ್ಲ ಮಾರಾಯ್ತಿ. ಜಿಲ್ಲೆಯ ಎಲ್ಲ ವರ್ಗಗಳಿಗೂ ಈ ವರ್ಷ ತಪಾಸಣೆ ಅಂತ ಉಂಟು. ಅಚ್ಚು ಹಾಕಿದ ಕಾಗದ ಇದು, ಎಲ್ಲರಿಗೂ ಒಂದೇ.”

ಎರಡನೆಯ ಕಾಗದ ತೆಗೆದುಕೊಂಡವಳು ಅರ್ಧಕ್ಕೇ ನಿಲ್ಲಿಸಿದಳು. ಚಹಾ ಮಾಡ್ತೇನೆ ಎಂದು ಏಳಲು ನೋಡಿದಳು. ಕಾಶವ್ವ ಅವಳ ಮೊಣಕೈ ಹಿಡಿದು ಕೂಡಿಸಿದಳು.

“ಓದು ಪುಷ್ಪಾ.”

“ಸಂಚಾಲಕರು, ನಿಮ್ಮ ಯಜಮಾನರು. ಶಿಕ್ಷಕಿ, ಪ್ರಭಾ. ಅನುಭವಿ ಕಾರಾಗೀರ, ಅಂದ್ರೆ ಕೆಲಸ ಕಲಿಸುವ ಕಸುಬುದಾರರು, ಓದು ಬರಬೇಕಾಗಿಲ್ಲ ಅಂತ ಒಂದು ಸಾಲು ಉಂಟು. ಅಲ್ಲಿ ಗೀಟು ಎಳೆದಿದ್ದಾರೆ.”

“ಮುಂದ?”

“ಸೇವಕಿ. ಕಸ ಗುಡಿಸ್ಲಿಕ್ಕೆ, ನೀರು ತುಂಬಿಸ್ಲಿಕ್ಕೆ.” ಪುಷ್ಪಾವತಿ ಕಾಗದದಿಂದ ಕಣ್ಣೆತ್ತಲಿಲ್ಲ. “ಕಾಶೀಬಾಯಿ ಅಂತ ಬರೆದಿದ್ದಾರೆ, ಕಾಶಕ್ಕ.”

ಯಾವ ಸಾಲು ಎಂದು ಕಾಶವ್ವ ಕೇಳಿದಳು. ಪುಷ್ಪಾವತಿ ಬೆರಳಿಟ್ಟು ತೋರಿಸಿದಳು. ಅದರ ಎದುರಿಗೆ ನೇರಳೆ ಶಾಯಿಯ ಹೆಬ್ಬೆಟ್ಟು, ನಡುವೆ ಅಡ್ಡ ಗೆರೆ. ಕಾಶವ್ವ ತನ್ನ ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದು ನೋಡಿದಳು. ಎಣ್ಣೆಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದಳು.

ಮನೆಯಲ್ಲಿ ಪ್ರಭಾ ಒಬ್ಬಳೇ ಮೆಂತ್ಯಪಲ್ಯ ಸೋಸುತ್ತಿದ್ದಳು. ಕಾಶವ್ವ ಕಾಗದಗಳನ್ನು ಪಲ್ಯದ ಮೇಲೆ ಇಟ್ಟಳು.

“ಓದಿದ್ದಿ. ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿರೀ ಅತ್ತಿ? ನಿಮ್ಮ ಗಂಡ ನಿಮ್ಮನ್ನ ಕಸ ಹೊಡಿಯಾಕಿ ಅಂತ ಬರದಾರ ಅಂತ? ನಾ ಹೇಳಿದ್ರ ನೀವು ನಂಬ್ತಿದ್ರೇನು?”

ಕಾಶವ್ವ ಕಾಗದಕ್ಕೆ ಅಂಟಿದ ಮೆಂತ್ಯದ ಎಲೆ ಕೊಡವಿದಳು.

“ಹಳೇ ಪಟ್ಟಿ ಕಳದ್ರ ಹೊಸಾದನ್ನ ನನ್ನ ಕಡಿಂದ ಬರಸ್ತಾರ ಅನಕೊಂಡೆ. ಆ ಕಾರಾಗೀರ ಸಾಲಿನ್ಯಾಗ ನಿಮ್ಮ ಹೆಸರು ಬರದು ಬಿಡೂದು ಅನಕೊಂಡೆ. ಅಷ್ಟ.”

ಅತ್ತೆ ಪಲ್ಯದ ಇನ್ನೊಂದು ಬದಿಗೆ ಕುಳಿತು ತಾನೂ ಸೋಸತೊಡಗಿದಳು. ಒಂದು ಕಟ್ಟು ಮುಗಿದ ಮೇಲೆ, ಗುರುವಾರ ತವರಿಗೆ ಏನೇನು ಬರೆಯುತ್ತೀ ಎಂದು ಕೇಳಿದಳು. ಇಲ್ಲಿಯ ಜೋಳದ ರೊಟ್ಟಿ ಹರಿಯುತ್ತದೆ ಎಂದು ಬರೆಯುತ್ತೇನೆ ಎಂದಳು ಪ್ರಭಾ. ಕಾಶವ್ವ ಸೊಂಟದ ಕೀಲಿ ತೆಗೆದು ಮೊದಲಿದ್ದ ಮೊಳೆಗೇ ತೂಗುಹಾಕಿದಳು. ಕಾಗದಗಳು ಮತ್ತೆ ಚಟ್ನಿಡಬ್ಬಿಯ ಕೆಳಗೆ ಹೋದವು.

ಎರಡು ದಿನ ಬಿಟ್ಟು ಶಿವಪುತ್ರಪ್ಪ ಹೊಸ ಪಟ್ಟಿಯನ್ನು ತಾನೇ ಬರೆದು ತಂದ. ಕಾಶವ್ವ ಹಿಟ್ಟು ನಾದುತ್ತಿದ್ದಳು. ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟ.

“ಏನ ಬರದೀರಿ ಇದರಾಗ?”

“ನಿನಗ ಏನ ತಿಳೀತೈತಿ? ಶಿಕ್ಷಕಿ ಅಂತ ಬರದೀನಿ. ಒತ್ತು.”

ಅವಳು ಅವನ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಉಣ್ಣಿಸಿದ ಮುಖ, ಒಂದು ನರವೂ ಅಲುಗಲಿಲ್ಲ.

“ಕೈಯಾಗ ಹಿಟ್ಟೈತಿ,” ಎಂದಳು.

ಮರುದಿನ ಕೇಳಿದ. ಕೈಯಲ್ಲಿ ಮಶೀನಿನ ಎಣ್ಣೆ ಇತ್ತು. ಮೂರನೆಯ ದಿನ ಕೇಳಲಿಲ್ಲ. ಅಂದು ರೊಟ್ಟಿ ಬಡಿಸುವಾಗ ಕಾಶವ್ವ ಗಂಡನ ಎಡಗೈ ಹೆಬ್ಬೆರಳ ತುದಿಗೆ ನೇರಳೆ ಬಣ್ಣ ಅಂಟಿರುವುದನ್ನು ಕಂಡಳು. ಇನ್ನೊಂದು ರೊಟ್ಟಿ ಹಾಕಿದಳು.

ತಪಾಸಣೆಯ ಹಿಂದಿನ ದಿನ ಗೋಡೆಯ ದಾರಗಳನ್ನು ತೆಗೆಸಿದ. ಸರ್ಕಾರದವರ ಎದುರು ಕೊಳಕು ಕಾಣುತ್ತದೆಂದ. ಅವಳು ಹದಿನಾಲ್ಕನ್ನೂ ಸಿಕ್ಕಾಗದಂತೆ ಹಾಳೆಯಲ್ಲಿ ಸುತ್ತಿ ಜೋಳದ ಡಬ್ಬಿಯೊಳಗಿಟ್ಟಳು. ಹುಡುಗಿಯರಿಗೂ ಅವನೇ ಪಾಠ ಹೇಳಿದ. ಕೇಳಿದರೆ ದಿನಾ ಬರುತ್ತೇವೆ ಅನ್ನಬೇಕು, ಕಲಿಸುವವರು ಪ್ರಭಾಬಾಯಿ ಅನ್ನಬೇಕು. ಇಲ್ಲವಾದರೆ ಮಾನ್ಯತೆ ಹೋಗುತ್ತದೆ, ಪರೀಕ್ಷೆ ಹೋಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿರಿ. ಹೆಂಡತಿಗೆ ಹಿಂದಿನ ಖೋಲಿಯಲ್ಲಿರು, ಚಹಾ ಕೊಡುವಾಗಷ್ಟೇ ಬಾ ಎಂದ.

ಸೋಮವಾರ ಹನ್ನೊಂದಕ್ಕೆ ಬಂದವಳು ಒಬ್ಬ ಹೆಂಗಸು. ಐವತ್ತರ ಆಸುಪಾಸು, ನೂಲಿನ ಸೀರೆ, ಕಂಕುಳಲ್ಲಿ ಮಳೆಗೆ ನೆನೆದ ಕೊಡೆ. ಮಾತೆಲ್ಲ ಮರಾಠಿಯಲ್ಲಿ. ಮರಳಿನ ಬಕೆಟ್ಟಿನಲ್ಲಿ ಬೆರಳಾಡಿಸಿದಳು. ಟಿಂಚರಿನ ಬಾಟಲಿಯ ಬಿರಡೆ ತೆಗೆದು ಮೂಸಿದಳು. ಫೈಲುಗಳಲ್ಲಿ ಎರಡನ್ನು ತೆಗೆದು ಕಾಜಾದ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ, ಕೈ ಒಳ್ಳೆಯದಿದೆ ಎಂದಳು. ಶಿವಪುತ್ರಪ್ಪ ಕೈ ಹೊಸೆದುಕೊಂಡು ನಕ್ಕ. ಆಮೇಲೆ ಅವಳು ಹಾಜರಿ ಪುಸ್ತಕ ಬಿಚ್ಚಿದಳು.

ಪುಟ ತಿರುಗಿಸುತ್ತ ಹೋದವಳು ಮೇ ತಿಂಗಳಲ್ಲಿ ನಿಂತಳು. ಟಿಟ್ವಾಳಾದ ಮರಗಮ್ಮ ಯಾರು ಎಂದು ಕೇಳಿದಳು.

ಹಿಂದಿನ ಸಾಲಿನಿಂದ ಹದಿನೆಂಟರ ಹುಡುಗಿ ಎದ್ದಳು. ಅವಳ ಅಪ್ಪ ಕಲಬುರ್ಗಿ ಕಡೆಯಿಂದ ಬಂದ ರೈಲ್ವೆ ಗ್ಯಾಂಗ್‌ಮನ್. ಮುಷ್ಕರದಲ್ಲಿ ನಿಂತದ್ದಕ್ಕೆ ಹತ್ತು ದಿನ ಲಾಕಪ್ಪಿನಲ್ಲಿದ್ದು, ಈಗ ಕೆಲಸವಿಲ್ಲದೆ ಮನೆಯಲ್ಲಿದ್ದ. ಅಕ್ಟೋಬರಿನ ಆ ಪರೀಕ್ಷೆಯ ಮೇಲೆ ಅವರ ಮನೆಯ ಐದು ಬಾಯಿ ಕಾದಿದ್ದವು. ಮುಕ್ಕಾಲು ಪಾಲು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ.

ಮೇ ಹದಿನಾಲ್ಕಕ್ಕೆ ರೈಲು ಬಂದ್ ಇತ್ತು, ನೀನು ಟಿಟ್ವಾಳಾದಿಂದ ಹೇಗೆ ಬಂದೆ ಎಂದು ತಪಾಸಣೆಗೆ ಬಂದ ಬಾಯಿ ಕೇಳಿದಳು.

ಮರಗಮ್ಮ ಶಿವಪುತ್ರಪ್ಪನ ಕಡೆ ನೋಡಿದಳು. ಶಿವಪುತ್ರಪ್ಪ ನಡುವೆ ಬಂದ. ಆ ದಿನಗಳಲ್ಲಿ ಹುಡುಗಿ ನಮ್ಮ ಮನೆಯಲ್ಲೇ ಉಳಿದಿದ್ದಳು, ಮಗಳ ಹಾಗೆ ನೋಡಿಕೊಂಡೆವು ಎಂದ. ಹಾಗಾದರೆ ಕಲ್ಯಾಣದ ಈ ಮೂವರು ಎಲ್ಲಿ ಮಲಗಿದರು ಎಂದು ಅವಳು ಕೇಳಿದಳು. ಅವನು ಹಿಂದಿನ ಖೋಲಿಯ ಬಾಗಿಲ ಕಡೆ ಬೆರಳು ತೋರಿಸಿದ. ಹಾಜರಿ ಹೇಳುವುದು ನಮ್ಮ ಸೇವಕಿಯ ಕೆಲಸ, ಓದು ಬಾರದ ಹೆಂಗಸು, ಅವಳು ಹೇಳಿದ್ದನ್ನೇ ನಾನು ಬರೆದುಕೊಂಡೆ ಎಂದ.

ಬಾಗಿಲಲ್ಲಿ ಕಾಶವ್ವ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಮರಾಠಿ ಓದಲು ಬಾರದಿದ್ದರೂ ಕೇಳಲು ಬರುತ್ತಿತ್ತು. ತಟ್ಟೆಯನ್ನು ಮಶೀನಿನ ಮೇಲಿಟ್ಟಳು. ಒಳಗೆ ಹೋಗಿ, ಜೋಳದ ಡಬ್ಬಿಗೆ ಕೈ ಹಾಕಿ, ಧೂಳಿನ ಸಮೇತ ಸುರುಳಿಯನ್ನು ತಂದಳು. ಕಡುಗೆಂಪಿನ ಒಂದು ದಾರ ಆರಿಸಿ ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. ತನ್ನ ಹರಕು ಮರಾಠಿಯಲ್ಲಿ ವಿವರಿಸಿದಳು. ಇದು ಮರಗಮ್ಮನದು. ಒಂದು ಮಣಿ ಅಂದರೆ ಒಂದು ವಾರ. ಹದಿನೆಂಟನೆಯ ಮಣಿ ದಾಟಿ ಎರಡು ಗಂಟು, ಆಮೇಲೆ ಬಿಳಿ. ಎಣಿಸಿ ನೋಡಿ, ಹದಿನೇಳು ಬಿಳಿ. ರೈಲು ಇರಲಿಲ್ಲ, ಹುಡುಗಿ ಬಂದಿಲ್ಲ.

“ಬಾಯಿ ಮುಚ್ಚು,” ಎಂದ ಶಿವಪುತ್ರಪ್ಪ, ಕನ್ನಡದಲ್ಲಿ. “ವರ್ಗ ಮುಳಗ್ತೈತಿ.”

“ಮುಳಗಲಿ. ಈ ಹುಡುಗಿ ಬಾಯಾಗ ಸುಳ್ಳು ಹಾಕಿ ನಡಸೂದು ಬ್ಯಾಡ.”

ತಪಾಸಣೆಯ ಬಾಯಿ ದಾರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕ್ಯಾಲೆಂಡರು ತರಿಸಿದಳು. ಬೆರಳ ತುದಿಯಿಂದ ಗಂಟು ಗಂಟನ್ನೇ ಮುಟ್ಟುತ್ತ ಬಂದಳು. ಖೋಲಿಯಲ್ಲಿ ಒಂದೂ ಪೆಡಲು ಅಲುಗಲಿಲ್ಲ. ನೂರ ಅರವತ್ತು ದಿನದಲ್ಲಿ ನೂರ ಇಪ್ಪತ್ತನಾಲ್ಕು ಹಾಜರಿ. ಬೇಕಾದದ್ದು ನೂರ ಇಪ್ಪತ್ತು. ಇನ್ನುಳಿದ ಹದಿಮೂರು ದಾರಗಳಲ್ಲಿ ಯಾವುದೂ ಅದಕ್ಕಿಂತ ಕಡಿಮೆಯಿರಲಿಲ್ಲ. ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ.

ಇದನ್ನು ನಾನು ವರದಿಯಲ್ಲಿ ಏನೆಂದು ಬರೆಯಲಿ ಎಂದು ಅವಳು ಕೇಳಿದಳು. ಇದ್ದದ್ದನ್ನು ಬರೆಯಿರಿ ಎಂದಳು ಕಾಶವ್ವ.

ಬಾಯಿ ಇನ್ನೂ ಪೆನ್ನು ಎತ್ತಲಿಲ್ಲ. ತನ್ನ ಚೀಲದಿಂದ ಜನವರಿಯ ಪಟ್ಟಿ ತೆಗೆದಳು, ಕಚೇರಿಯಲ್ಲಿದ್ದ ಅಸಲು. ಪಕ್ಕದಲ್ಲಿ ಹೊಸ ಪಟ್ಟಿ ಇಟ್ಟಳು. ಎರಡರಲ್ಲೂ ಸೇವಕಿ ಕಾಶೀಬಾಯಿ. ಒಂದು ಹೆಬ್ಬೆಟ್ಟಿನ ನಡುವೆ ಗೆರೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ, ಮತ್ತು ಅದು ಒಂದೂವರೆಪಟ್ಟು ಅಗಲವಾಗಿತ್ತು. ಕಾಶವ್ವ ಕೇಳುವ ಮೊದಲೇ ಎಡಗೈ ಚಾಚಿದಳು. ಬಾಯಿ ಆ ಹೆಬ್ಬೆರಳನ್ನು ನೋಡಿದಳು. ಆಮೇಲೆ ಶಿವಪುತ್ರಪ್ಪನ ಕೈ ಕೇಳಿದಳು. ಅವನು ಎಡಗೈಯನ್ನು ಬೆನ್ನ ಹಿಂದೆ ಮಡಚಿಕೊಂಡಿದ್ದ.

ಯಾರು ಕಲಿಸುತ್ತಾರೆಂದು ಅವಳು ಹುಡುಗಿಯರನ್ನು ಕೇಳಬೇಕಾಗಲಿಲ್ಲ. ಪ್ರಭಾ ತಾನಾಗಿಯೇ ಮುಂದೆ ಬಂದು, ಕಾಗದದ ಮೇಲೆ ನಾನು, ಕತ್ತರಿಯ ಮೇಲೆ ಅತ್ತೆ ಎಂದಳು.

ಹೊರಡುವಾಗ ಬರೆದುಕೊಟ್ಟದ್ದು ಇಷ್ಟು. ಹಾಜರಿ ಪುಸ್ತಕ ತಿರಸ್ಕೃತ. ಎಂಟು ದಿನದೊಳಗೆ ದಾರದ ಲೆಕ್ಕದಂತೆ ಹೊಸ ಹಾಜರಿ, ನಿಜವಾದ ಸಿಬ್ಬಂದಿ ಪಟ್ಟಿ, ಸಂಚಾಲಕರ ಸಹಿಯೊಂದಿಗೆ ಕಚೇರಿಗೆ ತಲುಪಬೇಕು. ಯಾವ ಸಾಲೂ ಖಾಲಿ ಇರಬಾರದು. ತಲುಪದಿದ್ದರೆ ಮಾನ್ಯತೆ ರದ್ದು, ಹದಿನಾಲ್ಕೂ ಹುಡುಗಿಯರ ಪರೀಕ್ಷೆಯೂ ಇಲ್ಲ.

ಸಂಜೆ ಹೊಸ ನಮೂನೆಯ ಮೇಲೆ ಪ್ರಭಾ ಎಲ್ಲವನ್ನೂ ಬರೆದಳು. ಕಾರಾಗೀರರ ಸಾಲಿನಲ್ಲಿ ಕಾಶವ್ವ, ಎದುರಿಗೆ ಗೆರೆಯ ಹೆಬ್ಬೆಟ್ಟು. ಆ ನಮೂನೆಯಲ್ಲಿ ಕಾರಾಗೀರರ ಗುರುತು ಮೇಲೆ, ಸಂಚಾಲಕರ ಸಹಿ ಅದರ ಕೆಳಗೆ.

“ಹೇಣ್ತಿ ಹೆಬ್ಬಟ್ಟಿನ ಬುಡಕ ನಾ ಸಹಿ ಮಾಡ್ಲಿ?” ಶಿವಪುತ್ರಪ್ಪ ನಮೂನೆಯನ್ನು ದೂರ ಸರಿಸಿದ. “ಅದಕ್ಕ ಇಷ್ಟು ವರ್ಷ ಆ ಸಾಲಿಗೆ ಗೀಟು ಎಳದದ್ದು. ನಾ ಮಾಡೂದಿಲ್ಲ. ಮುಚ್ಚಿದ್ರ ಮುಚ್ಚಲಿ.”

“ಅರ್ಜಿ ಹೋಗೇತಿ ಅಂದ್ರಿ. ಸೊಸಿ ಮ್ಯಾಲೆ ಬಿಟ್ರಿ ನನ್ನ,” ಎಂದಳು ಕಾಶವ್ವ. “ಇಬ್ಬರೂ ಕೂಡಿ ಕುಂತು ಆ ಕಾಗದ ಓದ್ತೀವಿ ಅಂತ ಅಂಜಿಕಿ ಇತ್ತಲ್ಲ ನಿಮಗ?”

ಅವನು ಪೇಪರು ಬಿಚ್ಚಿ ಮುಖಕ್ಕೆ ಹಿಡಿದ.

ಮರುದಿನ ನಸುಕಿನ ಐದಕ್ಕೆ ಚಾಳಿನ ನಲ್ಲಿಗೆ ನೀರು ಬಂತು. ಕಾಶವ್ವ ಏಳಲಿಲ್ಲ. ನೀರು ತುಂಬುವುದು ಸೇವಕಿಯ ಕೆಲಸ, ಪಟ್ಟಿಯಲ್ಲಿ ಆ ಸಾಲು ಖಾಲಿ ಇದೆ ಎಂದಳು. ಪ್ರಭಾ ಕೊಡ ಎತ್ತಿದಾಗ ಕಿತ್ತು ಕೆಳಗಿಟ್ಟಳು, ನೀನು ಶಿಕ್ಷಕಿ ಎಂದು ಗದರಿದಳು. ಇಬ್ಬರೂ ಪುಷ್ಪಾವತಿ ಕೊಟ್ಟ ನೀರಿನಲ್ಲೇ ಹೊಟ್ಟೆಗೆ ಬೇಯಿಸಿದರು, ಹುಡುಗಿಯರಿಗೆ ಕಲಿಸಿದರು, ಹೊಸ ಹಾಜರಿ ಬರೆದರು. ಅತ್ತೆ ಕಣ್ಣು ಮುಚ್ಚಿ ಬೆರಳಿಂದ ಗಂಟು ಸವರುತ್ತ ಹೇಳುವುದು, ಸೊಸೆ ಬರೆಯುವುದು. ಪೊರಕೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಂದಿನ ಖೋಲಿಯಲ್ಲಿ ದಾರದ ಚೂರು, ಬಟ್ಟೆಯ ಚಿಂದಿ ಕಣಕಾಲಿನವರೆಗೆ ಬಂತು. ಮೂರನೆಯ ದಿನ ಸೋಮಣ್ಣ ತನ್ನ ಸ್ನಾನಕ್ಕಷ್ಟೇ ಒಂದು ಬಕೆಟ್ ತುಂಬಿಕೊಂಡ. ತಂದೆ ಅದರಲ್ಲಿ ತಂಬಿಗೆ ಅದ್ದಲು ಹೋದಾಗ ಬಕೆಟ್ಟನ್ನು ಸರಿಸಿದ.

“ಅಪ್ಪಾ, ಸಹಿ ಮಾಡ್ರಿ. ನಾನೂ ಕಾರ್ಖಾನ್ಯಾಗ ಮಸ್ಟರಿನ್ಯಾಗ ಇರಾಂವ. ನನ್ನ ಹೆಸರಿನ ಮುಂದ ಯಾರರ ಜಾಡಮಾಲಿ ಅಂತ ಬರದ್ರ ನೀವು ಸುಮ್ಮನಿರ್ತಿದ್ರೇನು?”

ಶಿವಪುತ್ರಪ್ಪ ಅಂದು ಗಡ್ಡ ಕೆರೆಯದೆ ಪುಷ್ಪಾವತಿಯ ಗಂಡನ ಹೋಟೆಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಏಳನೆಯ ದಿನ ಮರಗಮ್ಮನ ಅಪ್ಪ ಬಾಗಿಲಿಗೆ ಬಂದು ನಿಂತ. ಚಿಂದಿಯ ರಾಶಿಯ ನಡುವೆ ಕುರ್ಚಿ ಹಾಕಿಕೊಂಡು ಕೂತ ಶಿವಪುತ್ರಪ್ಪನನ್ನು ನೋಡುತ್ತ ನಿಂತ. ಅವನು ಹೋದ ಮೇಲೆ ಶಿವಪುತ್ರಪ್ಪ ಪೆನ್ನು ಕೇಳಿದ. ಗೆರೆಯ ಹೆಬ್ಬೆಟ್ಟಿನ ಕೆಳಗೆ ಸಹಿ ಹಾಕಿದ.

“ಸೇವಕರ ಸಾಲು ಖಾಲಿ ಐತ್ರೀ ಮಾವಾರ,” ಎಂದಳು ಪ್ರಭಾ.

“ಖಾಲಿ ಎಲ್ಲೈತಿ?” ಕಾಶವ್ವ ಶಾಯಿಯ ಡಬ್ಬಿಯನ್ನು ಗಂಡನ ಮುಂದೆ ಸರಿಸಿದಳು. “ಹೋದ ಸಲ ಒತ್ತೀರಲ್ಲ. ಹೆಸರೂ ಬರಸ್ರಿ.”

ಕಾಗದ ಅದೇ ಮಧ್ಯಾಹ್ನ, ಯಾವ ಸಾಲೂ ಖಾಲಿಯಿಲ್ಲದೆ, ಸೋಮಣ್ಣನ ಕೈಯಲ್ಲಿ ಕಚೇರಿಗೆ ಹೋಯಿತು.

ಮರುದಿನ ಹುಡುಗಿಯರು ಬರುವ ಹೊತ್ತಿಗೆ ಮುಂದಿನ ಖೋಲಿಯ ನೆಲ ಕಾಣುತ್ತಿತ್ತು. ಗೋಡೆಯ ಮೊಳೆಗಳಿಗೆ ದಾರಗಳು ಮರಳಿದ್ದವು, ಪಕ್ಕದಲ್ಲಿ ಖಾಕಿ ಬಣ್ಣದ ಹದಿನೈದನೆಯದೊಂದು ಹೊಸದಾಗಿ ತೂಗುತ್ತಿತ್ತು. ಅದು ಯಾರದೆಂದು ಮರಗಮ್ಮ ಕೇಳಿದಳು. ಹೊಸಬರದು ಎಂದಳು ಕಾಶವ್ವ. ಪೊರಕೆ ಬಾಗಿಲ ಹಿಂದೆ ನೆಟ್ಟಗೆ ನಿಂತಿತ್ತು. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಗ್ಗಿ, ಮೊದಲ ಮಶೀನಿನ ಕೆಳಗೆ ನೋಡಿದಳು. ಎರಡನೆಯದರ ಕೆಳಗೆ ನೋಡಿದಳು. ಏಳು ದಿನದ ಕಸವೆಲ್ಲ ಅಚ್ಚುಕಟ್ಟಾಗಿ ಅಲ್ಲಿಗೆ ಸರಿದು ಕುಳಿತಿತ್ತು.

ಎದ್ದು ನಿಂತು, ರೀಲಿನಿಂದ ಒಂದು ಬಟ್ಟು ಬಿಳಿ ದಾರ ಹರಿದುಕೊಂಡು, ಖಾಕಿ ದಾರದ ಮೊದಲ ಗಂಟಿನೊಳಗೆ ಸೇರಿಸಿ ಬಿಗಿದಳು.